ಎಷ್ಟು ಜನರನ್ನು ಕೇಳಬೇಕು

ನಗಬಾರದಿತ್ತು. ಹಿರಿಯೂರಿನಲ್ಲಿ ಶಿರಾ ಕಡೆ ಹೋಗುವ ಬಸ್ಸು ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ಆಧಾರ್ ಕಾರ್ಡು ತೋರಿಸಿ ಜವನಗೊಂಡನಹಳ್ಳಿಗೆ ಫ್ರೀ ಟಿಕೀಟು ಹರಿಸಿಕೊಂಡ ಮೇಲೂ ಉಷಾರಾಣಿಯ ತಲೆಯಲ್ಲಿ ಅದೊಂದೇ ಮಾತು ಸುತ್ತುತ್ತಿತ್ತು. ಒಪ್ಪಿಕೊಂಡದ್ದಕ್ಕೆ ಏನಾದರೂ ಸಮಜಾಯಿಷಿ ಕೊಟ್ಟುಕೊಳ್ಳಬಹುದು; ಮೇಲಿನವರು ಹೇಳಿದರು, ಆಯ್ತು ಸರ್ ಎಂದೆ, ಯಾರಾಗಿದ್ದರೂ ಹಾಗೇ ಅನ್ನುತ್ತಿದ್ದರು. ನಕ್ಕದ್ದಕ್ಕೆ ಏನು ಹೇಳುವುದು? ನಿನ್ನೆ ಚಿತ್ರದುರ್ಗದ ಆಫೀಸಿನಲ್ಲಿ, ಪ್ರೊಜೆಕ್ಟರಿನ ಬೆಳಕಿಗೆ ತನ್ನದೇ ನೆರಳು ಅಡ್ಡ ಬರದಂತೆ ಗೋಡೆಗೆ ಒತ್ತಿ ನಿಂತು, “ಇನ್ನೂರು ಹೆಂಗಸರನ್ನ ಮಾತ್ರ ಕೇಳಿದ್ರೆ ಈ ಸರ್ವೆಗೆ ಪವರ್ ಸಾಲೋದಿಲ್ಲ ಸರ್” ಎಂದು ಅವಳು ಹೇಳಿದಾಗ, ಸಂಸ್ಥೆಯ ಮುಖ್ಯಸ್ಥ ಹನುಮಂತರಾಜು ಕನ್ನಡಕವನ್ನು ಹಣೆಗೇರಿಸಿ, “ಪವರ್ ಸಾಲಲ್ಲ ಅಂದ್ರೆ ಕರೆಂಟ್ ಆಫೀಸಿಗೆ ಒಂದು ಅರ್ಜಿ ಕೊಡಾಣ ಬಿಡಮ್ಮ” ಅಂದಿದ್ದರು. ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಕಂಪ್ಯೂಟರ್ ನೋಡಿಕೊಳ್ಳುವ ಪ್ರಭು, ಆ ಲೆಕ್ಕವನ್ನು ಅವಳ ಜೊತೆ ಕೂತೇ ಮಾಡಿದವನು, ಅವನೂ ನಕ್ಕ. ಆಮೇಲೆ ಅವಳೂ ನಕ್ಕಳು. ತನ್ನ ಮಾತಿಗೆ ತಾನೇ ನಗುವುದು ಎಷ್ಟು ಸಲೀಸಾಗಿ ಬಂತು! “ಸರಿ, ಕನ್ನಡದಾಗೆ ಹೇಳಮ್ಮ, ಪವರ್ ಅಂದ್ರೆ ಏನು?” ಎಂದು ಅವರು ನಗು ನಿಲ್ಲಿಸಿ ನಿಜವಾಗಿಯೇ ಕೇಳಿದಾಗ, ಬಾಯಿಗೆ ಬಂದದ್ದು ಎಂದೋ ಓದಿದ ಪುಸ್ತಕದ ಒಂದು ವಾಕ್ಯ, ಅದೂ ಅರ್ಧ ಇಂಗ್ಲಿಷಿನಲ್ಲಿ, ಅದೂ ನಡುವೆಯೇ ತುಂಡಾಗಿ. ಅವರು ಕಾದರು. ಕಾದದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಆಮೇಲೆ ಗಡಿಯಾರ ನೋಡಿ, “ಇನ್ನೂರು ಸಾಕು. ನಾಳೆಯಿಂದ ಶುರು ಮಾಡ್ರಿ” ಎಂದರು. ಆಯ್ತು ಸರ್.

ಹೆದ್ದಾರಿಯ ಎರಡೂ ಬದಿಗೆ ತೆಂಗಿನ ತೋಟಗಳು ಹಿಂದೆ ಸರಿದು, ಜಾಲಿ ಬೆಳೆದ ಬಯಲು ತೆರೆದುಕೊಂಡಿತು. ಕೆಲಸವೇನೋ ಸರಳವಾದದ್ದು. ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡಲು ಸಂಸ್ಥೆ ಊರೂರಿಗೆ ಕ್ಯಾಂಪು ಇಡುತ್ತಿತ್ತು, ಹೆಂಗಸರು ಬರುತ್ತಿರಲಿಲ್ಲ. ಶಾಲೆಯ ಕೋಣೆಗೆ ಸೀರೆ ಅಡ್ಡ ಕಟ್ಟಿ, ಟೇಬಲ್ಲು ಹಾಕಿ, ಡಾಕ್ಟರು ಕೂತು ಕೂತು ಎದ್ದು ಹೋಗುತ್ತಿದ್ದರು. ಹೆಣ್ಣು ಡಾಕ್ಟರನ್ನೇ ಗೊತ್ತು ಮಾಡಿ, ಬಾಗಿಲು ಹಾಕಿಕೊಳ್ಳಬಹುದಾದ ವ್ಯಾನು ಕಳಿಸಿದರೆ ಬಂದಾರು ಎಂದು ಉಷಾರಾಣಿ ವಾದಿಸಿದ್ದಳು. ಅದಕ್ಕೆ ಖರ್ಚು ಹೆಚ್ಚು. ಮೊದಲು ಸರ್ವೆ ಮಾಡಿ ನೋಡಿ ಎಂದಿದ್ದರು. ಅರ್ಧ ಹೆಂಗಸರಿಗೆ ಬರೀ ‘ನಿಮ್ಮೂರಿಗೆ ತಪಾಸಣೆ ಕ್ಯಾಂಪು ಬಂದರೆ ಬರುತ್ತೀರಾ’ ಎಂದು ಕೇಳುವುದು. ಇನ್ನರ್ಧ ಜನಕ್ಕೆ ‘ಹೆಣ್ಣು ಡಾಕ್ಟರು ಇದ್ದು, ಬಾಗಿಲು ಹಾಕಿದ ವ್ಯಾನಿನಲ್ಲಿ ತಪಾಸಣೆ ಮಾಡುವುದಾದರೆ ಬರುತ್ತೀರಾ’ ಎಂದು ಕೇಳುವುದು. ಯಾರಿಗೆ ಯಾವ ಪ್ರಶ್ನೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕೈಯಲ್ಲಿರುವ ಟ್ಯಾಬೇ ನಿರ್ಧರಿಸುತ್ತದೆ. ಎರಡನೆಯ ಪ್ರಶ್ನೆಗೆ ಹೂಂ ಎನ್ನುವವರು ಹೆಚ್ಚಾದರೆ ವ್ಯಾನು ಬರುತ್ತದೆ. ವ್ಯತ್ಯಾಸ ಕಾಣದಿದ್ದರೆ ಮತ್ತೆ ಶಾಲೆಯ ಕೋಣೆ, ಅಡ್ಡ ಕಟ್ಟಿದ ಸೀರೆ. ಅವಳ ಸಂಕಟ ಇದ್ದದ್ದು ಆ ‘ಕಾಣದಿದ್ದರೆ’ಯಲ್ಲಿ. ಹೆಣ್ಣು ಡಾಕ್ಟರಿಂದ ನೂರಕ್ಕೆ ಹತ್ತು ಜನ ಹೆಚ್ಚು ಬರುತ್ತಾರೆಂಬುದು ನಿಜವೇ ಆಗಿದ್ದರೂ, ಇನ್ನೂರೇ ಜನರನ್ನು ಕೇಳಿದರೆ ಆ ನಿಜ ಮೂರರಲ್ಲಿ ಎರಡು ಸಲ ಕಣ್ಣಿಗೆ ಬೀಳದೆ ಹೋಗುತ್ತದೆ. ಲೆಕ್ಕ ಹಾಗೆ ಹೇಳುತ್ತಿತ್ತು. ಈಗ ತಾನು ಹೊರಟಿರುವುದು ಅಂಥ ಕುರುಡು ಸರ್ವೆಗೆ. ಕೊನೆಗೆ ‘ವ್ಯತ್ಯಾಸವಿಲ್ಲ’ ಎಂಬ ವಾಕ್ಯದ ಕೆಳಗೆ ತನ್ನದೇ ಹೆಸರು ಇರುತ್ತದೆ.

ಸ್ಟಾಪಿನಲ್ಲಿ ದಿವ್ಯಾ ಸ್ಕೂಟರು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿ, ಡಿಗ್ರಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದವಳು; ಮೊದಲ ದಿನವೆಂದು ಇಸ್ತ್ರಿ ಮಾಡಿದ ಚೂಡಿದಾರಕ್ಕೆ ಸಂಸ್ಥೆಯ ಗುರುತಿನ ಚೀಟಿ ಸಿಕ್ಕಿಸಿಕೊಂಡಿದ್ದಳು. ಊರಾಚೆಯ ಹಟ್ಟಿಗೆ ಹೋಗುವ ದಾರಿಯಲ್ಲಿ ಅವಳು ಮಾತಾಡುತ್ತಲೇ ಇದ್ದಳು, ಗಾಳಿಗೆ ಅರ್ಧ ಮಾತ್ರ ಕೇಳುತ್ತಿತ್ತು. ಹಟ್ಟಿಯಲ್ಲಿ ಗಂಡಸರು ಕುರಿ ಹೊಡೆದುಕೊಂಡು ಆಗಲೇ ಹೋಗಿದ್ದರು. ಕುರಿ ಕೂಡುವ ಖಾಲಿ ರೊಪ್ಪಗಳಿಂದ ಒಣಹಿಕ್ಕೆಯ ಬೆಚ್ಚನೆ ವಾಸನೆ ಬರುತ್ತಿತ್ತು. ಮೊದಲ ಮನೆ ಜಯಕ್ಕನದು. ನಲವತ್ತರ ಆಚೀಚೆ ವಯಸ್ಸು, ಗಟ್ಟಿ ಮೈಕಟ್ಟು; ಬಾಗಿಲಲ್ಲೇ ಕಂಬಳಿ ಹಾಸಿ, “ಕುಂತ್ಕಳ್ರಿ, ನೀರು ಕುಡೀತೀರಾ?” ಎಂದಳು. ದಿವ್ಯಾ ಟ್ಯಾಬು ಬಿಚ್ಚಿದಳು. ಮನೆಯ ಗೋಡೆ ಎಂಥದ್ದು, ಟೀವಿ ಐತಾ, ಫ್ರಿಜ್ ಐತಾ, ಕುರಿ ಎಷ್ಟು, ಮೊಬೈಲ್ ಯಾರ ಹೆಸರಲ್ಲಿ, ಎಂದು ಪ್ರಶ್ನೆಗಳು ಸಾಗಿದವು. ಜಯಕ್ಕ ಮೊದಮೊದಲು ನಗುನಗುತ್ತ ಉತ್ತರ ಕೊಟ್ಟಳು, ಆಮೇಲೆ ಬಿಸಿಲು ಎಲ್ಲಿಗೆ ಬಂತೆಂದು ನೋಡಿದಳು, ಆಮೇಲೆ ಕೇಳಿದ್ದಕ್ಕೆಲ್ಲ ಹೂಂ ಎನ್ನತೊಡಗಿದಳು. ಕೊನೆಗೆ ಬರಬೇಕಾದ ಪ್ರಶ್ನೆ ಬಂತು. ಟ್ಯಾಬು ಅವಳ ಪಾಲಿಗೆ ಎತ್ತಿದ್ದು ಬರೀ ಕ್ಯಾಂಪಿನ ಪ್ರಶ್ನೆಯನ್ನು. ಕ್ಯಾಂಪು ಬಂದರೆ ಬರುತ್ತೀರಾ?

ಜಯಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. “ನೋಡಾಣ” ಎಂದಳು.

ಆ ‘ನೋಡಾಣ’ ಉಷಾರಾಣಿಗೆ ಗೊತ್ತಿತ್ತು. ಅವಳು ಚಿಕ್ಕವಳಿದ್ದಾಗ ಒಂದು ದಿನ ಮಾರಿಕಣಿವೆಯ ನೀರಾವರಿ ಕ್ವಾರ್ಟರ್ಸಿನಿಂದ ಅಮ್ಮ ಅವಳ ಕೈ ಹಿಡಿದು ನಡೆಸಿಕೊಂಡು ಬಂದು, ಬಸ್ಸು ಹತ್ತಿಸಿ, ಒಂದು ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂರಿಸಿಕೊಂಡಿದ್ದಳು. ಯಾಕೆ ಬಂದಿದ್ದೇವೆಂದು ಅಮ್ಮ ಹೇಳಿರಲಿಲ್ಲ. ಬೆಂಚು ಸರಿಯುತ್ತ ಸರಿಯುತ್ತ ಪರದೆಯ ಹತ್ತಿರ ಬಂತು. ಪರದೆ ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗಿನಿಂದ ಒಬ್ಬ ಗಂಡಸಿನ ದನಿ, ಬೇಗ ಬೇಗ, ಎಂದಿತು. ಅಮ್ಮ ಎದ್ದಳು, ಅವಳ ಮಣಿಕಟ್ಟು ನೋಯುವಷ್ಟು ಬಿಗಿಯಾಗಿ ಹಿಡಿದು ಹೊರಗೆ ಕರೆತಂದಳು, ಗೇಟಿನ ಹತ್ತಿರ ಚೆಂಡಿನಂಥ ಬತ್ತಾಸು ಕೊಡಿಸಿದಳು. “ಆಮ್ಯಾಲೆ ನೋಡಾಣ” ಎಂದಳು. ಬಹಳ ವರ್ಷಗಳ ನಂತರ ದಾವಣಗೆರೆಯಲ್ಲಿ ಗರ್ಭಕೋಶದ ಕ್ಯಾನ್ಸರಿಗೆ ಆಪರೇಷನ್ನು ಆಗಿ, ಮೈ ಅರ್ಧಕ್ಕರ್ಧ ಕರಗಿ, ಹೇಗೋ ಉಳಿದುಕೊಂಡ ಅಮ್ಮ ಈಗ ಹಿರಿಯೂರಿನ ಮನೆಯಲ್ಲಿ ಬೆಳಗಿನ ರೊಟ್ಟಿ ಬೇಯಿಸಿ ಡಬ್ಬಿಗೆ ಹಾಕಿ ಕೊಟ್ಟಿದ್ದಾಳೆ. ಆ ದಿನದ ಬಗ್ಗೆ ತಾಯಿ ಮಗಳು ಎಂದೂ ಮಾತಾಡಿಲ್ಲ. ಬತ್ತಾಸಿನ ಸಿಹಿ ನಾಲಿಗೆಯ ಮೇಲೆ ಇನ್ನೂ ಇದೆ ಎನ್ನಿಸಿ ಉಷಾರಾಣಿಗೆ ಈಗಲೂ ನಾಚಿಕೆಯಾಗುತ್ತದೆ, ತಿಂದದ್ದು ತಾನಲ್ಲವೇ.

ಜಯಕ್ಕನ ‘ನೋಡಾಣ’ವನ್ನು ದಿವ್ಯಾ ‘ಗೊತ್ತಿಲ್ಲ’ ಎಂದು ಒತ್ತಿ, ಮುಂದಿನ ಮನೆಗೆ ಹೊರಟಳು. ಅಲ್ಲಿ ಟ್ಯಾಬು ಹೆಣ್ಣು ಡಾಕ್ಟರಿನ ಪ್ರಶ್ನೆ ಎತ್ತಿತು. ದಿವ್ಯಾಳ ಮುಖ ಅರಳಿತು. “ಹೆಣ್ಣು ಡಾಕ್ಟ್ರು ಕಣಕ್ಕಾ! ಬಾಗ್ಲು ಹಾಕ್ಕಂಡು ನೋಡ್ತಾರೆ. ಯಾರಿಗೂ ಕಾಣಲ್ಲ. ಬರ್ತೀಯ ತಾನೆ?” ಎಂದು ಆ ಹೆಂಗಸಿನ ಮೊಣಕಾಲು ಮುಟ್ಟಿ ಕೇಳಿದಳು. ಹೀಗೆ ಕೇಳಬಾರದೆಂದು ಟ್ರೈನಿಂಗಿನಲ್ಲಿ ಉಷಾರಾಣಿಯೇ ಹೇಳಿಕೊಟ್ಟಿದ್ದಳು; ಎರಡೂ ಪ್ರಶ್ನೆಯನ್ನು ಒಂದೇ ದನಿಯಲ್ಲಿ, ಬರೆದದ್ದನ್ನಷ್ಟೇ ಓದಬೇಕು. ಆ ಹೆಂಗಸು ನಾಚಿಕೊಂಡು ಹೂಂ ಎಂದಳು. ತಡೆಯಬೇಕಿತ್ತು. ಉಷಾರಾಣಿ ರೊಪ್ಪದ ಬೇಲಿಯ ಕಡೆ ತಿರುಗಿ ನಿಂತಳು. ಮುಂದಿನ ಮನೆಯಲ್ಲೂ ಹಾಗೆಯೇ ಆಯಿತು, ಅವಳು ಆಗಲೂ ಸುಮ್ಮನಿದ್ದಳು. ಸುಮ್ಮನಿದ್ದದ್ದಷ್ಟೇ ಅಲ್ಲ, ಒಳಗೊಳಗೆ ಒಂದು ಲೆಕ್ಕ ನಡೆದಿತ್ತು: ಇನ್ನೂರೇ ಜನ ಎಂದಮೇಲೆ ಸ್ವಲ್ಪ ನೂಕು ಬೇಕು, ದಿವ್ಯಾ ಹೀಗೇ ನಗುನಗುತ್ತ ಕೇಳುತ್ತ ಹೋದರೆ ವ್ಯತ್ಯಾಸ ಎದ್ದು ಕಾಣುತ್ತದೆ, ವ್ಯಾನು ಬರುತ್ತದೆ, ಬಂದಮೇಲೆ ಯಾರು ಕೇಳುತ್ತಾರೆ? ಕುರುಡು ಸರ್ವೆಗೆ ಸುಳ್ಳು ಕಣ್ಣು ಹಚ್ಚುವುದು ಎಷ್ಟು ಸುಲಭ, ಯಾರೂ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ. ನಿನ್ನೆ ನಕ್ಕ ಬಾಯಿಯೇ ಇವತ್ತು ಮುಚ್ಚಿಕೊಂಡಿದೆ. ಹೀಗೆ ತಂದ ವ್ಯಾನಿಗೆ ಹೆಂಗಸರು ಬಾರದಿದ್ದರೆ? ಈ ಊರುಗಳಿಗೆ ಏನು ಮಾಡಿದರೂ ಅಷ್ಟೇ ಎಂದು, ಶಾಲೆಯ ಕೋಣೆಯೂ ಇಲ್ಲದ ಹಾಗೆ, ಮೇಲಿನವರು ಕೈ ತೊಳೆದುಕೊಂಡು ಬಿಡುವುದಿಲ್ಲವೇ?

ಟ್ಯಾಂಕಿನ ನಲ್ಲಿಯ ಹತ್ತಿರ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ ಕೊಡ ಹಿಡಿದುಕೊಂಡ ಹೆಂಗಸರು ಗುಂಪಾಗಿದ್ದರು; ನಡುವೆ ಯಲ್ಲಕ್ಕ, ಹಟ್ಟಿಯಲ್ಲಿ ದನಿಯಿದ್ದವಳು, ಸ್ವಸಹಾಯ ಸಂಘದ ಪ್ರತಿನಿಧಿ.

“ಬರ್ರಿ ಮೇಡಮ್ಮ, ನಿಮ್ಮನ್ನೇ ಕೇಳಾಣ ಅಂತಿದ್ವಿ. ಆ ಮನೇವಳಿಗೆ ಹೆಣ್ಣು ಡಾಕ್ಟ್ರು, ಕಾರು, ಬಾಗ್ಲು ಅಂತೆಲ್ಲ ಹೇಳಿದ್ರಂತೆ. ನಮ್ ಜಯಕ್ಕಂಗೆ ಬರೀ ಕ್ಯಾಂಪು ಅಂದ್ರಂತೆ. ಇದ್ರಾಗೂ ಭೇದ ಮಾಡ್ತೀರಾ?”

ಜಯಕ್ಕ ಹಿಂದೆ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬಡಿಸುವಾಗ ಎಲೆ ದಾಟಿ ಹೋದರೆ ಆಗುವಂಥ ಅವಮಾನವಿತ್ತು. ಉಷಾರಾಣಿಗೆ ಹೇಳಲು ಸಿದ್ಧವಾಗಿದ್ದ ಸುಳ್ಳುಗಳು ಎರಡು ಮೂರಿದ್ದವು: ಟ್ಯಾಬು ತಪ್ಪು ತೋರಿಸಿತು, ಹುಡುಗಿ ಹೊಸಬಳು. ದಿವ್ಯಾ ಆಗಲೇ ಅಳುಮುಖ ಮಾಡಿದ್ದಳು. ಉಷಾರಾಣಿ ನಲ್ಲಿಕಟ್ಟೆಯ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟಳು. ಕೂತಮೇಲೆ ಉಳಿದವರೂ ಕೊಡ ಕೆಳಗಿಟ್ಟರು.

“ಭೇದ ಮಾಡ್ಲಿಲ್ಲ ಯಲ್ಲಕ್ಕ. ಹೆಣ್ಣು ಡಾಕ್ಟ್ರು ಇನ್ನೂ ಯಾರಿಗೂ ಸಿಕ್ಕಿಲ್ಲ. ಅವ್ರು ಬೇಕಾ ಅಂತ ತಿಳ್ಕಳಾಕೇ ಈ ಸರ್ವೆ. ಅರ್ಧ ಜನಕ್ಕೆ ಹಂಗೆ ಕೇಳದು, ಅರ್ಧ ಜನಕ್ಕೆ ಹಿಂಗೆ ಕೇಳದು. ಯಾರಿಗೆ ಯಾವ್ದು ಅಂತ ನಾವು ಆರಿಸಲ್ಲ, ಚೀಟಿ ಎತ್ತಿದಂಗೆ ಬರುತ್ತೆ.”

“ಅಷ್ಟಕ್ಕೆ ಇಷ್ಟೆಲ್ಲ ಯಾಕೆ? ಹೆಣ್ಣು ಡಾಕ್ಟ್ರು ಬೇಕು ಅಂತ ನಾವೇ ಹೇಳ್ತೀವಲ್ಲ. ಬರ್ಕಳ್ರಿ.”

“ಬೇಕಾ ಅಂದ್ರೆ ಯಾರು ಬ್ಯಾಡ ಅಂತಾರೆ? ನಂಗೂ ಬೇಕು. ಅವ್ರು ಇದ್ರೆ ಮಾತ್ರ ಬರೋರು ಎಷ್ಟು ಜನ, ಇಲ್ದಿದ್ರೂ ಬರೋರು ಎಷ್ಟು ಜನ, ಅದು ಗೊತ್ತಾಗ್ಬೇಕು. ಅದಕ್ಕೇ ಎರಡು ತರ ಕೇಳದು.”

ಯಲ್ಲಕ್ಕ ಯೋಚಿಸಿದಳು. “ಹಂಗಾರೆ ನಮ್ ಹಟ್ಟಿ ಕೇಳಿದ್ರೆ ಗೊತ್ತಾಗಿ ಹೋಗುತ್ತೇನು?”

“ಇಲ್ಲ” ಎಂದಳು ಉಷಾರಾಣಿ. ಈ ‘ಇಲ್ಲ’ ಎಲ್ಲಿಂದ ಅಷ್ಟು ತಡೆಯಿಲ್ಲದೆ ಬಂತೋ ತಿಳಿಯಲಿಲ್ಲ. “ಇವತ್ತು ಒಬ್ಬಳಿಗೆ ತಲೆನೋವು ಇರುತ್ತೆ, ಬರಲ್ಲ ಅಂತಾಳೆ. ಇನ್ನೊಬ್ಬಳಿಗೆ ಅತ್ತೆ ಮೇಲೆ ಸಿಟ್ಟು, ಮನೆಯಿಂದ ಆಚೆ ಹೋದ್ರೆ ಸಾಕು, ಬರ್ತೀನಿ ಅಂತಾಳೆ. ಕೇಳಿದೋರು ಕಮ್ಮಿ ಇದ್ರೆ ಈ ತಲೆನೋವು, ಸಿಟ್ಟು, ಇವೇ ದೊಡ್ಡದಾಗಿ ಕಾಣ್ತವೆ, ಡಾಕ್ಟ್ರಿಂದ ಆಗೋ ವ್ಯತ್ಯಾಸ ಅವುಗಳ ಅಡೀಲಿ ಮುಚ್ಚಿ ಹೋಗುತ್ತೆ. ಜಾಸ್ತಿ ಜನಾನ ಕೇಳಿದ್ರೆ ಆ ಕಡೆ ತಲೆನೋವು, ಈ ಕಡೆ ತಲೆನೋವು ಎರಡೂ ಸಮ ಆಗ್ತವೆ. ಆಗ ಉಳಿಯೋದು ಡಾಕ್ಟ್ರಿಂದ ಆದದ್ದು. ಐತೆ ಅಂದ್ರೆ ಕಾಣುತ್ತೆ, ಇಲ್ಲ ಅಂದ್ರೆ ನಿಜವಾಗ್ಲೂ ಇಲ್ಲ.” ಅವಳು ನಿಲ್ಲಿಸಿದಳು. “ನಾವು ಕೇಳ್ತಿರೋದು ಬಾಳ ಕಮ್ಮಿ ಜನಾನ. ಸಾಲಲ್ಲ. ಅದು ಗೊತ್ತಿದ್ದೂ ಬಂದೀನಿ.”

ಯಾರೂ ನಗಲಿಲ್ಲ. ಒಬ್ಬ ಮುದುಕಿ ಕೊಡ ತುಂಬಿ ಹರಿಯುತ್ತಿದ್ದ ನಲ್ಲಿ ನಿಲ್ಲಿಸಿದಳು. “ಗೊತ್ತಿದ್ದು ಯಾಕೆ ಬಂದ್ಯಮ್ಮ?” ಎಂದು ಕೇಳಿದ್ದು ಜಯಕ್ಕ. ಬೈಗುಳದ ದನಿಯಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. “ಆಯ್ತು ಸರ್ ಅಂದ್ಬಿಟ್ಟೆ” ಎಂದಳು ಉಷಾರಾಣಿ. ಇಷ್ಟು ಹೊತ್ತೂ ತಾನು ಮಾತಾಡಿದ್ದು ನಿನ್ನೆ ಗೋಡೆಗೆ ಒತ್ತಿ ನಿಂತು ಹೇಳಲಾಗದೆ ಹೋದದ್ದನ್ನೇ ಎಂಬುದು ಆಗ ಮಾತ್ರ ಅರಿವಾಗಿ, ಮೈಯೆಲ್ಲ ಹಗುರಾಯಿತು. ಆದರೆ ‘ಗೊತ್ತಿರಲಿಲ್ಲ, ಹೇಳಲು ಬರಲಿಲ್ಲ’ ಎಂಬ ನೆಪವೂ ಅದರ ಜೊತೆಗೇ ಹೋಯಿತು.

ಅವಳು ದಿವ್ಯಾಳನ್ನು ಪಕ್ಕಕ್ಕೆ ಕರೆದಳು. ಇವತ್ತಿನದನ್ನೆಲ್ಲ ಕೈಬಿಡಬೇಕು ಎಂದಾಗ ದಿವ್ಯಾಳ ಕಣ್ಣು ತುಂಬಿತು.

“ನಾನೇನ್ ತಪ್ಪು ಮಾಡ್ದೆ ಮೇಡಂ? ಅವ್ರು ಬರ್ಲಿ ಅಂತ ತಾನೆ?”

“ತಪ್ಪು ನಂದು ದಿವ್ಯಾ. ನಿಂಗೆ ಎರಡ್ನೇ ಮನೇಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ನನಗೂ ಹಂಗೇ ಆಗ್ಲಿ ಅಂತ ಇತ್ತು.”

ದಿವ್ಯಾ ಒಂದು ಕ್ಷಣ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದಳು, ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. “ಹಂಗಾದ್ರೆ ಮತ್ತೆ ಹೆಂಗೆ ಕೇಳ್ಬೇಕು, ಇನ್ನೊಂದ್ಸಲ ಹೇಳ್ಕೊಡ್ರಿ” ಎಂದಳು. ಜಯಕ್ಕನ ಮನೆಯ ಮುಂದಿನ ಬೇವಿನ ನೆರಳಲ್ಲಿ ಇಬ್ಬರೂ ಕೂತು ಅಮ್ಮನ ರೊಟ್ಟಿ ಹಂಚಿಕೊಂಡು ತಿಂದರು. ಜಯಕ್ಕ ಮಜ್ಜಿಗೆ ತಂದುಕೊಟ್ಟಳು. ಪ್ರಶ್ನೆಗಳು ಬಾಳ ಉದ್ದ ಕಣಮ್ಮ, ಎಂದಳು; ಕೊನೇದು ಬರೋ ಹೊತ್ತಿಗೆ ನಂಗೆ ಎದ್ದು ಹೋದ್ರೆ ಸಾಕಾಗಿತ್ತು. ಅವಳು ಹೇಳಿದ್ದನ್ನು ಉಷಾರಾಣಿ ತನ್ನ ಕಣ್ಣಾರೆ ಕಂಡಿದ್ದಳು. ಟೀವಿ, ಫ್ರಿಜ್, ಮೊಬೈಲ್. ಬೇರೆ ಯಾವುದೋ ವರದಿಗೆ ಬೇಕೆಂದು ತುರುಕಿದ ಪ್ರಶ್ನೆಗಳು. ಅವನ್ನು ತೆಗೆದರೆ ಒಬ್ಬರನ್ನು ಕೇಳುವ ಹೊತ್ತಿನಲ್ಲಿ ನಾಲ್ವರನ್ನು ಕೇಳಬಹುದು. ಮತ್ತೆ, ಒಂದೇ ಊರಿನಲ್ಲಿ ಎರಡು ಪ್ರಶ್ನೆ ಬೇಡ. ನಲ್ಲಿಕಟ್ಟೆಗೆ ಬಂದರೆ ಎಲ್ಲ ಬೆರೆತು ಹೋಗುತ್ತದೆ. ಊರಿಗೆ ಊರೇ ಚೀಟಿ ಎತ್ತಲಿ, ಈ ಊರಿಗೆ ಒಂದು ಪ್ರಶ್ನೆ, ಆ ಊರಿಗೆ ಇನ್ನೊಂದು. ಒಂದು ಹಟ್ಟಿಯವರ ಮನಸ್ಸು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ, ಆದ್ದರಿಂದ ಒಂದೂರಿನಲ್ಲಿ ಬಹಳ ಜನರನ್ನು ಕೇಳಿ ಉಪಯೋಗವಿಲ್ಲ. ಕೆಲವರನ್ನೇ ಕೇಳಿ ಮುಂದಿನ ಊರಿಗೆ ಹೋಗಬೇಕು. ಹೊಸದುರ್ಗ, ಹೊಳಲ್ಕೆರೆಗಳಿಗೂ ಹೋಗಬೇಕು. ಒಂದೊಂದೇ ಸೇರುತ್ತ ಹೋಗಿ ಅವಳಿಗೆ ಊಟದ ಮೇಲೆ ಕೈ ತೊಳೆಯುವುದೂ ಮರೆತಿತ್ತು.

ಮಾರನೆಯ ಬೆಳಿಗ್ಗೆ ಚಿತ್ರದುರ್ಗದ ಆಫೀಸಿನಲ್ಲಿ ಹನುಮಂತರಾಜು ಒಬ್ಬರೇ ಇದ್ದರು, ಟೀ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು ಫೋನಿನಲ್ಲಿ ಸರ್ವೆಗೆ ದುಡ್ಡು ಕೊಡುವವರ ಹತ್ತಿರ ಬೈಸಿಕೊಳ್ಳುತ್ತಿದ್ದರು; ಹೂಂ ಸರ್, ಆಗುತ್ತೆ ಸರ್, ಈ ತಿಂಗಳೇ ಸರ್. ಬಾಗಿಲಲ್ಲಿ ನಿಂತ ಉಷಾರಾಣಿ ಅದನ್ನು ಕೇಳಿಸಿಕೊಂಡಳು. ಆ ದನಿ ತನ್ನದೇ ದನಿಯಂತಿತ್ತು. ಇವರಿಗೂ ಒಂದು ಆಯ್ತು ಸರ್ ಇದೆ ಎಂದು ಅವಳಿಗೆ ಅದುವರೆಗೆ ಹೊಳೆದೇ ಇರಲಿಲ್ಲ. ಫೋನು ಇಟ್ಟು ಅವರು, “ಏನಮ್ಮ, ಫೀಲ್ಡಿಗೆ ಹೋಗಿಲ್ವಾ?” ಎಂದರು.

“ನಿನ್ನೆ ಹೋಗಿದ್ದೆ ಸರ್. ನಿಲ್ಲಿಸಿ ಬಂದೆ.”

ಅವರು ತಟ್ಟೆ ತೆಗೆದರು, ಕುಡಿಯಲಿಲ್ಲ. ಅವಳು ನಿಂತೇ ಹೇಳಿದಳು, ಎಲ್ಲೂ ಇಂಗ್ಲಿಷ್ ಬರದಂತೆ, ನಲ್ಲಿಕಟ್ಟೆಯ ಮೇಲೆ ಹೇಳಿದ ಹಾಗೆಯೇ. ದಿವ್ಯಾ ಕೇಳಿದ ರೀತಿಯನ್ನು ಹೇಳಿದಳು, ತಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದಳು. “ಇನ್ನೂರು ಜನಾನ ಕೇಳಿ ವ್ಯತ್ಯಾಸ ಇಲ್ಲ ಅಂತ ಬರೆದ್ರೆ, ಅದರರ್ಥ ನಮಗೆ ಕಾಣ್ಲಿಲ್ಲ ಅಂತ ಅಷ್ಟೆ. ಆದ್ರೆ ಓದೋರು ಇಲ್ಲ ಅಂತಲೇ ಓದ್ಕಂತಾರೆ. ಆಮೇಲೆ ಹತ್ತು ವರ್ಷ ಯಾರೂ ಹೆಣ್ಣು ಡಾಕ್ಟ್ರ ಸುದ್ದಿ ಎತ್ತಲ್ಲ. ಪ್ರಶ್ನೆ ಕಮ್ಮಿ ಮಾಡಾಣ ಸರ್. ನೂರು ಊರು, ಊರಿಗೆ ಎಂಟು ಜನ. ಖರ್ಚು ಅಷ್ಟೇ ಆಗುತ್ತೆ.”

“ಟೀವಿ ಫ್ರಿಜ್ಜು ಎಲ್ಲ ತೆಗೆದ್ರೆ ನನ್ನ ಸುಮ್ನೆ ಬಿಡ್ತಾರೇನಮ್ಮ?” ಅವರು ಗಲ್ಲದಿಂದ ಫೋನಿನ ಕಡೆ ಸನ್ನೆ ಮಾಡಿದರು. ಆಮೇಲೆ ಕಿಟಕಿಯಾಚೆ ನೋಡಿದರು. ಕೋಟೆಯ ಬಂಡೆಗಳ ಮೇಲೆ ಬಿಸಿಲು ಏರುತ್ತಿತ್ತು. “ಒಂದು ಕೇಳ್ತೀನಿ. ಎಂಟುನೂರು ಜನಾನ ಕೇಳಿದ ಮೇಲೂ ಇಲ್ಲ ಅಂತಲೇ ಬಂತು ಅನ್ನು. ಆಗ?”

ಈ ಪ್ರಶ್ನೆಗೆ ಅವಳು ತಯಾರಾಗಿರಲಿಲ್ಲ. ಅಥವಾ ಇದಕ್ಕೇ ಮೊದಲಿನಿಂದ ಹೆದರಿದ್ದಳು. ಆಪರೇಷನ್ನು ಆದ ಮೇಲೆ ಅಮ್ಮ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪರದೆ ಸರಿಯಾಗಿ ಮುಚ್ಚಿದ್ದರೆ ಅಮ್ಮ ಆ ದಿನ ಎದ್ದು ಬರುತ್ತಿರಲಿಲ್ಲ ಎಂದು ಉಷಾರಾಣಿ ನಂಬಿದ್ದಾಳೆ; ಆದರೆ ನಂಬುವುದು ಬೇರೆ, ಗೊತ್ತಿರುವುದು ಬೇರೆ. ಮುಚ್ಚಿದ್ದರೂ ಎದ್ದು ಬರುತ್ತಿದ್ದಳೋ ಏನೋ. ಪರದೆಗಿಂತ ದೊಡ್ಡ ಹೆದರಿಕೆ ಬೇರೊಂದಿತ್ತೋ ಏನೋ.

“ಆಗ ಇಲ್ಲ ಅಂತ ನಾನೇ ಬರೆದು ಸೈನ್ ಹಾಕ್ತೀನಿ ಸರ್. ವ್ಯಾನು ಬ್ಯಾಡ, ಬೇರೆ ದಾರಿ ಹುಡ್ಕಾಣ ಅಂತ ನಾನೇ ಹೇಳ್ತೀನಿ. ಬೇಕಾದ್ರೆ ಶುರು ಮಾಡೋಕೆ ಮುಂಚೇನೇ ಬರೆದಿಡಾಣ, ಎಷ್ಟು ಜನಾನ ಕೇಳ್ತೀವಿ, ಏನ್ ನೋಡ್ತೀವಿ, ಎಲ್ಲಿ ನಿಲ್ಲಿಸ್ತೀವಿ ಅಂತ. ಆಮೇಲೆ ಬದಲಾಯಿಸೋ ಹಂಗಿಲ್ಲ. ನಾನೂ, ನೀವೂ.”

ಹನುಮಂತರಾಜು ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದರು. “ಇಲ್ಲ ಅಂತ ಬಂದ್ರೂ ಒಪ್ತೀನಿ ಅಂದೋರನ್ನ ನಾನು ಈ ಕೆಲಸದಾಗೆ ನೋಡಿಲ್ಲ” ಎಂದರು. ಆಮೇಲೆ, “ಬರೀರಿ. ಫೋನಿಗೆ ನಾನು ಉತ್ತರ ಹೇಳ್ಕಂತೀನಿ.” ಅವಳು ಬಾಗಿಲು ದಾಟುವಾಗ, “ಮೊನ್ನೆ ನಾನು ಕರೆಂಟು ಅಂತ ಅನ್ನಬಾರದಿತ್ತು” ಎಂದು ಕಾಗದಗಳ ಕಡೆ ನೋಡುತ್ತಲೇ ಹೇಳಿದರು. ಅವಳು ಈ ಸಲ ನಗಲಿಲ್ಲ, ಪರವಾಗಿಲ್ಲ ಸರ್ ಎಂದೂ ಅನ್ನಲಿಲ್ಲ. ತಲೆದೂಗಿದಳು.

ಬೇಸಗೆ ಕಳೆದು ಮೊದಲ ಮಳೆ ಬೀಳುವ ತನಕ ತಿರುಗಿದರು. ಹೊಸದುರ್ಗದ ಕಡೆ ಮಾವಿನ ಗಾಡಿಗಳ ಹಿಂದೆ, ಹೊಳಲ್ಕೆರೆಯ ಕಡೆ ಕೆರೆಯ ಏರಿಯ ಮೇಲೆ, ಕೆಲವೊಮ್ಮೆ ದಿವ್ಯಾಳ ಸ್ಕೂಟರು ಪಂಕ್ಚರಾಗಿ ನಡೆದೇ. ಬಾಗಿಲು ತೆಗೆಯದವರಿದ್ದರು, ನಾಯಿ ಛೂ ಬಿಟ್ಟವರಿದ್ದರು, ನಾಲ್ಕೇ ಪ್ರಶ್ನೆಯಾ ಎಂದು ನಿರಾಶರಾಗಿ ಇನ್ನಷ್ಟು ಕೇಳಿ ಎಂದವರೂ ಇದ್ದರು. ದಿವ್ಯಾ ಎರಡೂ ಪ್ರಶ್ನೆಯನ್ನು ಒಂದೇ ದನಿಯಲ್ಲಿ ಓದಲು ಕಲಿತಳು. ಓದಿ ಮುಗಿಸಿ, ಉತ್ತರ ಒತ್ತಿದ ಮೇಲೆಯೇ ತಪಾಸಣೆ ಎಂದರೇನು, ಎಲ್ಲಿ ಸಿಗುತ್ತದೆ ಎಂದು ಎಲ್ಲರಿಗೂ ಕೂತು ಹೇಳುತ್ತಿದ್ದಳು. ಅರ್ಧ ಮುಗಿದಾಗ ಪ್ರಭು ಫೋನು ಮಾಡಿ, “ಇಲ್ಲೀತನಕ ಬಂದಿದ್ದನ್ನ ಒಂದ್ಸಲ ಇಣುಕಿ ನೋಡ್ಲಾ ಮೇಡಂ? ಚೆನ್ನಾಗಿ ಬಂದಿದ್ರೆ ಇಲ್ಲಿಗೇ ನಿಲ್ಲಿಸಾಣ” ಎಂದ. ಅವಳಿಗೂ ಆಸೆಯಾಗಿತ್ತು. “ಬ್ಯಾಡ ಪ್ರಭು. ಚೆನ್ನಾಗಿ ಕಂಡಾಗ ನಿಲ್ಲಿಸೋದಾದ್ರೆ ಯಾವತ್ತಾದ್ರೂ ಒಂದಿನ ಚೆನ್ನಾಗಿ ಕಂಡೇ ಕಾಣುತ್ತೆ” ಎಂದಳು.

ಕೊನೆಯ ಊರು ಮುಗಿಸಿದ ವಾರ, ಆಫೀಸಿನಲ್ಲಿ ಪ್ರಭುವಿನ ಹಿಂದೆ ನಿಂತಾಗ ಅವಳಿಗೆ ಆಶ್ಚರ್ಯವಾದದ್ದು ತನ್ನ ಎದೆ ಬಡಿದುಕೊಳ್ಳದಿದ್ದುದಕ್ಕೆ. ಹೌದು ಎಂದರೂ ಕೇಳಿಸಿಕೊಳ್ಳಬಲ್ಲೆ, ಇಲ್ಲ ಎಂದರೂ ಕೇಳಿಸಿಕೊಳ್ಳಬಲ್ಲೆ, ಎರಡೂ ನಿಜವಾಗಿರುತ್ತದೆ ಎಂಬ ನೆಮ್ಮದಿ ಒಂದು ಬಗೆಯ ಸುಖದಂತೆ ಮೈಯಲ್ಲಿ ಹರಡಿತ್ತು. ಬಂದ ಉತ್ತರ ಅಂದುಕೊಂಡಷ್ಟು ದೊಡ್ಡದಲ್ಲ. ಹತ್ತು ಎಂದುಕೊಂಡಿದ್ದು ನೂರಕ್ಕೆ ಎಂಟು. ಆದರೆ ವ್ಯತ್ಯಾಸವಿದೆ ಎನ್ನಲು ಮೊದಲೇ ಬರೆದಿಟ್ಟ ಗೆರೆಯನ್ನು ಅದು ದಾಟಿತ್ತು. “ಎಂಟೇನಾ?” ಎಂದ ಪ್ರಭು. ಇನ್ನೂರೇ ಜನರನ್ನು ಕೇಳಿದ್ದರೆ ಇದು ಕಾಣುತ್ತಲೇ ಇರಲಿಲ್ಲವೇನೋ ಎಂದು ಅವನೇ ಆಮೇಲೆ ಮೆಲ್ಲಗೆ ಹೇಳಿದ. ಉಷಾರಾಣಿ ಎಂಟು ಎಂಬ ಅಂಕಿಯನ್ನು ನೋಡುತ್ತ ನಿಂತಳು. ನೂರು ಜನ ಹೆಂಗಸರು, ಅವರಲ್ಲಿ ಎಂಟು ಜನ ಬಾಗಿಲ ಹತ್ತಿರ ಬಂದು ಹಿಂದೆ ತಿರುಗದೆ ಒಳಗೆ ಹೋಗುವುದು. ಹೇಳುವುದಕ್ಕೂ ಬರುವುದಕ್ಕೂ ದೂರವಿದೆ, ಅದೂ ಗೊತ್ತು; ವರದಿಯಲ್ಲಿ ಅದನ್ನೂ ಬರೆದಳು. ಅವತ್ತು ಸಂಜೆ ಅಮ್ಮನಿಗೆ ಹೇಳಿದಳು. ಹುರುಳಿಕಾಯಿ ಸೋಸುತ್ತಿದ್ದ ಅಮ್ಮ ತಲೆಯೆತ್ತದೆ, “ಒಳ್ಳೇದಾತು” ಎಂದಳು. ಒಂದು ಹಿಡಿ ಕಾಯಿ ಬುಟ್ಟಿಗೆ ಹಾಕಿ, “ಅವತ್ತು ನಿನ್ ಕೈ ನೋಯ್ತೇನೇ?” ಎಂದು ಕೇಳಿದಳು. ಉಷಾರಾಣಿ, ಇಲ್ಲಮ್ಮ, ಎಂದು ಅಮ್ಮನ ಪಕ್ಕ ಕೂತು ಕಾಯಿ ಮುರಿಯತೊಡಗಿದಳು. ಮಾತು ಅಲ್ಲಿಗೆ ನಿಂತರೂ ಶುರುವಾಗಿತ್ತು.

ವ್ಯಾನಿನ ಮೊದಲ ಕ್ಯಾಂಪು ಜವನಗೊಂಡನಹಳ್ಳಿಯಲ್ಲೇ ಆಯಿತು. ಜಯಕ್ಕ ಬರಲಿಲ್ಲ, ಕುರಿಗಳ ಜೊತೆ ಹೋಗಬೇಕೆಂದು ಹೇಳಿ ಕಳಿಸಿದ್ದಳು. ಯಲ್ಲಕ್ಕ ಬಂದು, ಸಾಲು ನೆಟ್ಟಗಿಲ್ಲ, ಕುರ್ಚಿ ಸಾಲದು ಎಂದು ಎಲ್ಲರನ್ನೂ ಗದರಿಸುತ್ತಿದ್ದಳು. ಬೆಳಿಗ್ಗೆಯೆಲ್ಲ ಒಬ್ಬೊಬ್ಬರೇ ಬಂದರು. ತುಂಬಾ ಜನವೇನಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರೂ ಇಲ್ಲದಾಗ, ಹೆದ್ದಾರಿಯ ಕಡೆಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು ನಡೆದು ಬಂದಳು. ಚಪ್ಪಲಿಯೆಲ್ಲ ಧೂಳು. ಪಾಲಮ್ಮ ಅಂತ ಹೆಸರು, ಎಂದಳು. ಅವಳು ಹೇಳಿದ ಊರಿಗೆ ಉಷಾರಾಣಿ ಹೋಗಿರಲಿಲ್ಲ, ದಿವ್ಯಾಳೂ ಹೋಗಿರಲಿಲ್ಲ. ಅದು ನೂರು ಊರುಗಳಲ್ಲಿ ಒಂದಾಗಿರಲಿಲ್ಲ.

“ನಮ್ಮೂರಿಗೆ ಯಾರೂ ಬಂದು ಏನೂ ಕೇಳ್ಲಿಲ್ಲ ಕಣಮ್ಮ. ಬಸ್ಸಿನಾಗೆ ಯಾರೋ ಮಾತಾಡ್ಕಂತಿದ್ರು.” ಪಾಲಮ್ಮ ವ್ಯಾನಿನ ಕಡೆ ನೋಡಿದಳು, ಆಮೇಲೆ ಉಷಾರಾಣಿಯ ಕಡೆ. ದನಿ ತಗ್ಗಿಸಿದಳು. “ಹೆಣ್ಣು ಡಾಕ್ಟ್ರಂತೆ. ಹೌದಾ?”

“ಹೌದು” ಎಂದಳು ಉಷಾರಾಣಿ. “ಒಳಗಿದಾರೆ. ಬರ್ರಿ.”

ಪಾಲಮ್ಮ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಒಳಗಿನಿಂದ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.